ಅಂಚಿಗಂಟಿದ ಕೆಂಪು

(ಕೊಟ್ಟೂರಿನ ಒಂದು ಮಂಡಕ್ಕಿ-ಮಿರ್ಚಿ ಅಂಗಡಿ. ಸಂಜೆಯ ವ್ಯಾಪಾರ ಇನ್ನೂ ಶುರುವಾಗಿಲ್ಲ, ಬಾಣಲೆಯಲ್ಲಿ ಎಣ್ಣೆ ಕಾಯುತ್ತಿದೆ. ಅಂಗಡಿಯಾಕೆ ಗಲ್ಲಾದ ಚಿಲ್ಲರೆ ಎಣಿಸುತ್ತಿದ್ದಾಳೆ. ಎದುರಿನ ಬೆಂಚಿನ ಮೇಲೆ ಕೂಡ್ಲಿಗಿ ಕಡೆಯ ಹಿರಿಯರೊಬ್ಬರು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು.)

— ಸರ್, ನೀವು ಬ್ಯಾಂಕಿನಾಗ ಇದ್ದೋರು. ಈ ಹತ್ತರ ಬಿಲ್ಲೆ ಒಂಚೂರು ನೋಡ್ರಿ. ಅಂಚಿನ ಸುತ್ತ ಕೆಂಪು ಹತ್ತೈತಿ.

— ಯಾರು ಕೊಟ್ಟದ್ದು?

— ಹೂವು ಮಾರೋ ಅಜ್ಜಿ. ನಿನ್ನೆ ಮಿರ್ಚಿ ಕಟ್ಟಿಸಿಕೊಂಡು ಹೋದಾಗ ಗಡಿಬಿಡಿಯಾಗ ನಾ ನೋಡಿರಲಿಲ್ಲ. ಇವತ್ತು ಮುಂಜಾನೆ ಇಂಥದೇ ಇನ್ನೊಂದು ತಂದಳು. ಒಲ್ಲೆ ಅಂದೆ. ಏನೂ ಅನ್ನಲಿಲ್ಲ, ಸೆರಗಿನಾಗ ಕಟ್ಟಿಕೊಂಡು ಹೊಳ್ಳಿ ಹೋದಳು.

— ಯಾಕೆ ಒಲ್ಲೆ ಅಂದಿ ತಂಗಿ?

— ಖೋಟಾ ಇದ್ದೀತು ಅಂತ. ಇನ್ನೊಂದು ಮಾತು... ಸಂಜೀ ಹೊತ್ತಿನಾಗ ಹೇಳಬಾರದು. ಮೂರು ದಾರಿ ಕೂಡಿದಲ್ಲಿ ಲಿಂಬಿಹಣ್ಣು, ಕುಂಕುಮ, ದುಡ್ಡು ನಿವಾಳಿಸಿ ಇಟ್ಟಿರ್ತಾರಲ್ಲ, ಅದನ್ನ ಯಾರೋ ಆರಿಸಿಕೊಂಡು ಬಂದಿದ್ದರೆ? ಮನೆಯಾಗ ಸಣ್ಣ ಮಕ್ಕಳದಾವ.

— ಎರಡು ಅಂಜಿಕೆ ಆದವು. ಒಂದು ಕಣ್ಣಿಂದು, ಇನ್ನೊಂದು ಮನಸ್ಸಿಂದು. ಕಣ್ಣಿಂದು ಮೊದಲು ಮುಗಿಸೋಣ. ನಿನ್ನ ಮಗನ ಹತ್ತಿರ ಆಯಸ್ಕಾಂತ ಇದ್ದೀತಲ್ಲ?

— ಕೆಟ್ಟ ಸ್ಪೀಕರಿಂದು ಐತಿ. ತಗೋರಿ.

— ನೋಡು. ಬಿಲ್ಲೆಯ ನಡುವಿನ ಬಿಳಿ ಭಾಗ ಹಿಡಿಯಿತು. ಅದು ಉಕ್ಕು, ನೂರಕ್ಕೆ 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಹೊರಗಿನ ಹಳದಿ ಬಳೆಗೆ ಆಯಸ್ಕಾಂತದ ಗೊಡವೆ ಇಲ್ಲ. ಅದರಲ್ಲಿ ತಾಮ್ರ 92, ಅಲ್ಯೂಮಿನಿಯಂ 6, ನಿಕಲ್ 2. ಎರಡು ಬೇರೆ ಬೇರೆ ಲೋಹದ ತುಂಡುಗಳನ್ನು ಒಂದರೊಳಗೊಂದು ಒತ್ತಿ ಕೂಡಿಸಿದ ಬಿಲ್ಲೆ ಇದು. ತೂಕ 7.71 ಗ್ರಾಂ, ಅಡ್ಡಳತೆ 27 ಮಿಲಿಮೀಟರ್. ಈಗ ಇಸವಿಯ ಕೆಳಗೆ ಉಗುರು ಇಡು. ಏನು ಕಾಣುತ್ತೆ?

— ಸಣ್ಣದೊಂದು ಚುಕ್ಕಿ... ಅಲ್ಲ, ನಕ್ಷತ್ರ ಇದ್ದಂಗೈತಿ.

— ಹೈದರಾಬಾದ್ ಟಂಕಸಾಲೆಯ ಗುರುತು ಅದು. ದೇಶದಲ್ಲಿ ಬಿಲ್ಲೆ ಹೊಡೆಯುವ ಟಂಕಸಾಲೆ ನಾಲ್ಕೇ. ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಗುರುತೇ ಇಲ್ಲದ್ದು ಖೋಟಾ ಅಂತ ತಿಳಿದು ಕೋಲ್ಕತ್ತಾದ ಒಳ್ಳೆಯ ಬಿಲ್ಲೆಯನ್ನು ಹೊರಗೆ ಒಗೆದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

— ಆತು, ಖೋಟಾ ಅಲ್ಲ ಅಂತ ಇಟ್ಟುಕೊಳ್ಳೋಣ. ಕೆಂಪು ಎಲ್ಲಿಂದ ಬಂತು? ಅದೂ ಅಂಚಿಗೆ ಮಾತ್ರ? ಮುಖ ನೋಡ್ರಿ, ಸ್ವಚ್ಛ ಐತಿ.

— ಅದನ್ನೇ ಕೇಳಬೇಕಾದದ್ದು. ಬಿಲ್ಲೆಯ ಮುಖದ ಮೇಲೆ ದಿನಕ್ಕೆ ನೂರು ಹೆಬ್ಬೆರಳು ಓಡಾಡುತ್ತವೆ. ಜೇಬಿನ ಬಟ್ಟೆ ಉಜ್ಜುತ್ತೆ, ಪಕ್ಕದ ಬಿಲ್ಲೆ ಉಜ್ಜುತ್ತೆ. ಅಲ್ಲಿ ಯಾವ ಬಣ್ಣವೂ ಬಾಳ ದಿನ ನಿಲ್ಲದು. ಅಂಚಿನ ಹಲ್ಲುಗಳ ಸಂದಿಗೆ ಬೆರಳು ಇಳಿಯುವುದೇ ಇಲ್ಲ. ಒಮ್ಮೆ ಅಲ್ಲಿ ಹೊಕ್ಕ ಪುಡಿ ಅಲ್ಲೇ ಮನೆ ಮಾಡುತ್ತೆ. ಇನ್ನೊಂದು ಕಾರಣ ನಿನ್ನ ಕೈಯಲ್ಲೇ ಐತಿ. ಎಣಿಸುವಾಗ ನೀನು ಹತ್ತತ್ತು ಬಿಲ್ಲೆ ಒಂದರ ಮೇಲೊಂದು ಪೇರಿಸಿ ಇಡುತ್ತೀಯಲ್ಲ, ಹಾಗೆ ಇಟ್ಟಾಗ ಮುಖಗಳು ಒಂದನ್ನೊಂದು ಮುಚ್ಚಿಕೊಳ್ಳುತ್ತವೆ, ಹೊರಗೆ ಉಳಿಯುವುದು ಅಂಚೊಂದೇ. ದೀಪಾವಳಿಯಲ್ಲಿ ಲಕ್ಷ್ಮೀಪೂಜೆಗೆ ರೊಕ್ಕ ಹೆಂಗ ಇಡ್ತೀರಿ?

— ಹಿಂಗ ಪೇರಿಸಿಟ್ಟು ಮ್ಯಾಲೆ ಅರಿಷಿಣ ಕುಂಕುಮ ಏರಿಸ್ತೀವಿ.

— ಮೇಲಿನದೊಂದರ ಮುಖಕ್ಕೆ ಹತ್ತುತ್ತೆ, ಉಳಿದವಕ್ಕೆಲ್ಲ ಅಂಚಿಗೆ ಸುರಿಯುತ್ತೆ. ಪೇರಿಸಿಟ್ಟ ಬಿಲ್ಲೆಗಳ ಮೇಲೆ ಮಸಿ ಚೆಲ್ಲಿದರೂ ಇದೇ ಕಥೆ, ಮಳೆನೀರು ಇಳಿದರೂ ಇದೇ ಕಥೆ. ಅಂಚಿನ ಬಣ್ಣ ನೋಡಿದರೆ ಇದು ಪೇರಿಸಿಟ್ಟಿದ್ದ ಬಿಲ್ಲೆಯೂ ಇರಬಹುದು.

— ಮತ್ತ ಕುಂಕುಮ ಅಂತ ಹೆಂಗ ಹೇಳ್ತೀರಿ? ಬಣ್ಣ ಇದ್ದೀತು, ಉಗುರಿಗೆ ಹಚ್ಚೋದು ಇದ್ದೀತು.

— ಅದೂ ಇರಬಹುದು. ರೂಪಾಯಿ ಹಾಕಿ ಮಾತಾಡುವ ಫೋನ್ ಡಬ್ಬಿಗಳಿದ್ದ ಕಾಲದಲ್ಲಿ ನನ್ನ ಗೆಳೆಯನೊಬ್ಬ ತನ್ನ ಕೈಯಿಂದ ಹಾಕುವ ರೂಪಾಯಿಗಳ ಅಂಚಿಗೆ ನೇಲ್ ಪಾಲಿಶ್ ಹಚ್ಚುತ್ತಿದ್ದ. ಡಬ್ಬಿ ತೆರೆದಾಗ ಗಿರಾಕಿಯದು ಯಾವುದು, ತನ್ನದು ಯಾವುದು ತಿಳಿಯಲಿ ಅಂತ. ಅಮೆರಿಕದ ಹೋಟೆಲುಗಳಲ್ಲಿ ಹಾಡು ಹಾಕುವ ಪೆಟ್ಟಿಗೆಗಳಿದ್ದಾಗ ಮಾಲೀಕರು ತಮ್ಮ ಕಾಲು ಡಾಲರಿನ ನಾಣ್ಯಕ್ಕೆ ಕೆಂಪು ಬಳಿದು ಇದೇ ಲೆಕ್ಕ ಇಡುತ್ತಿದ್ದರು. ಅಂಥ ಬಣ್ಣ ನೀರಿಗೆ ಬಿಡದು, ಉಗುರಿನಿಂದ ಕೆರೆದರೆ ಸಿಪ್ಪೆಯಾಗಿ ಏಳುತ್ತೆ. ಇನ್ನೊಂದು ಕೆಂಪು ನಮ್ಮ ಸೀಮೆಯದೇ. ಸಂಡೂರಿನ ಅದಿರಿನ ಧೂಳು. ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ವರ್ಷಗಳಲ್ಲಿ ಡ್ರೈವರ್, ಕ್ಲೀನರ್‌ಗಳು ತರುತ್ತಿದ್ದ ರೊಕ್ಕ ನೋಡಬೇಕಿತ್ತು. ನೋಟಿಗೂ ಕೆಂಪು, ಬಿಲ್ಲೆಗೂ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ನನ್ನ ಕೌಂಟರಿಗೆ ಆ ಬಣ್ಣ ಬರುವುದು ಕಡಿಮೆಯಾಯಿತು. ಆ ಧೂಳು ಬೆರಳಿಗೆ ಕಂದುಗೆಂಪಾಗಿ ಹತ್ತುತ್ತೆ, ಉಜ್ಜಿದರೆ ಗರಗರ ಅನ್ನುತ್ತೆ, ನೀರಿನಲ್ಲಿ ಕರಗದೆ ತಳಕ್ಕೆ ಕೂಡುತ್ತೆ. ಒಂದು ಲಿಂಬಿಹಣ್ಣಿನ ಹೋಳು ಕೊಡು.

— ಮಂಡಕ್ಕಿಗೆ ಹಿಂಡೋದೇ ಐತಿ, ತಗೋರಿ. ಏನು ಮಾಡ್ತೀರಿ?

— ಅಂಚಿನ ಮೇಲೆ ಒಂದು ಹನಿ. ತಡಿ... ಈಗ ನೋಡು.

— ಅಯ್ಯ, ಹಳದಿ ಆತು!

— ಇದು ಬಣ್ಣವೂ ಅಲ್ಲ, ಅದಿರೂ ಅಲ್ಲ. ಅರಿಷಿಣ ಮತ್ತು ಸುಣ್ಣ. ಅರಿಷಿಣಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತೆ, ಹುಳಿ ಬಿದ್ದರೆ ಮತ್ತೆ ಹಳದಿಗೆ ಬರುತ್ತೆ. ಅಂಗಡಿಯಲ್ಲಿ ಸಿಗುವ ಬಣ್ಣ ಕೂಡಿಸಿದ ಕುಂಕುಮವಾಗಿದ್ದರೆ ಲಿಂಬಿಗೆ ಹೀಗೆ ತಿರುಗುತ್ತಿರಲಿಲ್ಲ. ಅರಿಷಿಣ ಸುಣ್ಣ ಎರಡೂ ಕೂಡುವ ಜಾಗ ನಿನ್ನ ಮನೆಯಲ್ಲಿ ಯಾವುದು, ನೆನೆಸಿಕೋ.

— ...ಆರತಿ ತಟ್ಟೆ.

— ಅದೇ. ಮದುಮಕ್ಕಳು ಬಾಗಿಲಿಗೆ ಬಂದಾಗ, ಬಾಣಂತಿ ಕೂಸಿನ ಜೊತೆ ಮನೆ ಹೊಕ್ಕಾಗ ಕೆಂಪು ನೀರು ಎತ್ತುತ್ತೀರಿ. ಆ ತಟ್ಟೆಗೆ ಬಿಲ್ಲೆ ಹಾಕುತ್ತೀರಿ. ಆ ಬಿಲ್ಲೆ ಯಾರಿಗೆ ಸೇರುತ್ತೆ? ಆರತಿ ಎತ್ತಿದ ಹೆಣ್ಣುಮಗಳಿಗೆ. ಆಕೆ ಮರುದಿನ ಅದರಲ್ಲೇ ಹೂವು ಕೊಳ್ಳುತ್ತಾಳೆ. ಅಲ್ಲಿಂದ ನಿನ್ನ ಗಲ್ಲಾಕ್ಕೆ ಒಂದೇ ಹೆಜ್ಜೆ.

— ನಿವಾಳಿಸೋಕೂ ಕೆಂಪು ನೀರೇ ಮಾಡ್ತಾರಲ್ರಿ ಸರ್. ಅದೂ ಅರಿಷಿಣ ಸುಣ್ಣನೇ.

— ಹೌದು. ಅದನ್ನು ನಾನು ಮುಚ್ಚಿಡುವುದಿಲ್ಲ. ಮದುವೆಯ ಕೆಂಪು ಯಾವುದು, ಮೂರುದಾರಿಯ ಕೆಂಪು ಯಾವುದು ಅಂತ ಯಾವ ಲಿಂಬಿಹಣ್ಣೂ ಹೇಳದು. ಇನ್ನೊಂದು ಸೇರಿಸು. ನಮ್ಮ ಕಡೆ ಹೆಣ ಒಯ್ಯುವಾಗ ದಾರಿಯುದ್ದ ಮಂಡಕ್ಕಿ ತೂರುತ್ತಾರೆ, ಚಿಲ್ಲರೆ ತೂರುತ್ತಾರೆ. ಆ ಚಿಲ್ಲರೆ ಮಣ್ಣಿನಲ್ಲೇ ಉಳಿದದ್ದನ್ನು ಎಂದಾದರೂ ಕಂಡಿದ್ದೀಯಾ? ಹುಡುಗರು ಆರಿಸುತ್ತಾರೆ, ಪೆಪ್ಪರಮೆಂಟು ಕೊಳ್ಳುತ್ತಾರೆ. ಇಷ್ಟು ವರ್ಷ ಅಂಗಡಿ ನಡೆಸಿದ್ದೀ. ಅಂಥ ಬಿಲ್ಲೆ ಎಷ್ಟು ನಿನ್ನ ಗಲ್ಲಾದಲ್ಲಿ ಹಾದುಹೋಗಿರಬೇಕು, ಅದರ ಚಿಲ್ಲರೆಯಲ್ಲಿ ನೀನು ಎಷ್ಟು ಸಲ ಕೂಸಿಗೆ ಹಾಲು ತಂದಿರಬೇಕು. ಬಣ್ಣ ಉಳಿದದ್ದು ಕಣ್ಣಿಗೆ ಬಿತ್ತು, ಬಣ್ಣ ಹೋದದ್ದು ಬೀಳಲಿಲ್ಲ. ಆ ಅಜ್ಜಿ ಮಾರುವುದು ಹೂವು ತಂಗಿ. ಹೂವು ಹೋಗುವುದೆಲ್ಲ ಅರಿಷಿಣ ಕುಂಕುಮ ಇದ್ದಲ್ಲಿಗೇ. ಗುಡಿಗೆ, ಮದುವೆಗೆ, ತೊಟ್ಟಿಲಿಗೆ, ಹೆಣಕ್ಕೆ. ಆಕೆಯ ದುಡ್ಡಿನ ಅಂಚು ಕೆಂಪಾಗದೆ ಇನ್ನು ಯಾರದ್ದು ಆಗಬೇಕು?

— ಅದೇನೋ ಖರೆ. ಹಡಗಲಿ ಮಲ್ಲಿಗೆ ಬಂದ ದಿನ ಆಕೆ ಹತ್ತಿರ ಹಳದಿ ಬಿಲ್ಲೆನೂ ಇರ್ತಾವ.

— ಹಳದಿಯ ಮಾತು ಎತ್ತಿದಿ. ನನ್ನ ಒಂದು ತಪ್ಪು ಹೇಳಬೇಕಾಗಿದೆ, ಕೇಳು. ಒಂದು ಸಲ ಮೈಲಾರ ಜಾತ್ರೆಯಾದ ಮೇಲೆ ಹಡಗಲಿ ಕಡೆಯ ಒಬ್ಬ ಗೊರವಪ್ಪ ನಾನಿದ್ದ ಬ್ಯಾಂಕಿಗೆ ಚಿಲ್ಲರೆಯ ಗಂಟು ತಂದ. ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ಮೈಲಾರದಲ್ಲಿ ಕಾರ್ಣಿಕ ಆಗುವಾಗ ಹೆಂಗೆ ಭಂಡಾರ ಹಾರುತ್ತೆ, ನೀನೂ ನೋಡಿದ್ದೀ. ಮನುಷ್ಯರು, ಕಂಬಳಿ, ನೆಲ ಎಲ್ಲ ಅರಿಷಿಣ. ಗಂಟಿನ ಬಿಲ್ಲೆಗಳೂ ಹಾಗೇ ಇದ್ದವು. ನಮ್ಮ ಎಣಿಸುವ ಯಂತ್ರ ಹಾಳಾಗುತ್ತೆ, ತೊಳಕೊಂಡು ಬಾ ಅಂತ ಕಳಿಸಿಬಿಟ್ಟೆ. ಪಾಪ, ಎರಡು ದಿನ ಬಿಟ್ಟು ಬಂದ. ಬಟ್ಟೆ ಸೋಡಾ, ಸಾಬೂನು ಹಾಕಿ ನೆನೆಸಿಟ್ಟು, ಸರಿಯಾಗಿ ಜಾಲಿಸದೆ ಒಣಗಿಸಿಕೊಂಡು ತಂದಿದ್ದ. ಹಳದಿ ಇದ್ದ ಬಿಲ್ಲೆಗಳೆಲ್ಲ ಅಂಚಿನಲ್ಲಿ ಕೆಂಪಾಗಿದ್ದವು.

— ಅರಿಷಿಣದ ಕಲೆ ಬಿದ್ದ ಸೀರಿಗೆ ಸಾಬೂನು ಹಚ್ಚಿದರ ಆಗತೈತಲ್ಲ, ಹಂಗ.

— ನಿನಗೆ ತಕ್ಷಣ ತಿಳಿಯಿತು. ಡಿಗ್ರಿ ಓದಿದ ನನಗೆ ತಿಳಿಯಲಿಲ್ಲ. ಹೋದ ಸಲ ಹಳದಿ, ಈ ಸಲ ಕೆಂಪು, ಏನೋ ಮೋಸ ಐತಿ ಅಂತ ನಾಲ್ಕು ಮಂದಿಯ ಎದುರಿಗೆ ಜೋರು ಮಾಡಿದೆ. ಆತ ಗಂಟು ಕಟ್ಟಿಕೊಂಡು ಹೊರಟ. ಆಫೀಸು ಗುಡಿಸುವ ಹೆಣ್ಣುಮಗಳು ಬಂದು, ಸಾಹೇಬ್ರ ಅದು ಸಾಬೂನಿನ ಕೆಂಪು, ಮತ್ತೇನಲ್ಲ ಅಂದಳು. ಬಾಗಿಲಿಗೆ ಓಡಿದೆ. ಆತ ಬಸ್ ಹತ್ತಿಯಾಗಿತ್ತು. ಆತನ ಮುಖ ನನಗೆ ಇವತ್ತಿಗೂ ಮರೆತಿಲ್ಲ. ನೀನು ಆ ಅಜ್ಜಿಯ ಮಾತು ಹೇಳಿದಾಗ ಅದಕ್ಕೇ ಎದ್ದು ಹೋಗಲಿಲ್ಲ ನಾನು.

— ...ಒಂದು ಚಹಾ ಹಾಕಿಸಲೇನ್ರಿ?

— ಹಾಕಿಸು. ಆಮೇಲೆ ಗುಡಿಯ ಹುಂಡಿ ಎಣಿಕೆಗೆ ಹೋದಾಗಲೆಲ್ಲ ನಾನು ಬಿಲ್ಲೆಗಳ ಅಂಚು ನೋಡುವುದಕ್ಕೆ ಶುರುಮಾಡಿದೆ. ಒಂದೊಂದು ಗುಡಿಯ ದುಡ್ಡಿಗೆ ಒಂದೊಂದು ಬಣ್ಣ. ಭಂಡಾರದ ಹಳದಿ ಒಂದು, ದೇವಿಯ ಗುಡಿಯ ಕುಂಕುಮ ಒಂದು, ಎಣ್ಣೆ ದೀಪದ ಹತ್ತಿರದ ಹುಂಡಿಯ ಜಿಡ್ಡುಗಪ್ಪು ಇನ್ನೊಂದು. ತೆಂಗಿನಕಾಯಿ ನೀರು ಬಿದ್ದು ಹಸಿಯಾಗಿ ಬಹಳ ದಿನ ಕೂತವು ಹಸಿರು. ಆ ಹಸಿರು ಹೊರಗಿಂದ ಹತ್ತಿದ್ದಲ್ಲ, ಬಿಲ್ಲೆಯ ತಾಮ್ರವೇ ಹಾಗೆ ಆಗುವುದು. ಹಿತ್ತಾಳೆ ಚೆಂಬಿನ ಕೊರಳಿಗೆ ಕಿಲುಬು ಬರುತ್ತಲ್ಲ, ಅದೇ.

— ಹತ್ತರ ಬಿಲ್ಲೆ ನಡುವ ಬಿಳಿ, ಹಳದಿ ಕೂಡೋ ಕಡೆ ಕಪ್ಪು ಗೆರಿ ಇರತೈತಿ. ಅದೂ ಕಿಲುಬೇನು?

— ಅಣ್ಣ ತಮ್ಮ. ಬೇರೆ ಎರಡು ಲೋಹ ಒಂದಕ್ಕೊಂದು ತಾಗಿಕೊಂಡು ಇರುವಾಗ ನಡುವೆ ಬೆವರಿನ ಉಪ್ಪುನೀರು ನಿಂತರೆ ಸವೆತ ಬೇಗ ಆಗುತ್ತೆ. ಸಂದಿಯಲ್ಲಿ ಕೊಳೆಯೂ ಕೂಡುತ್ತೆ. ಆ ಗೆರೆ ನೋಡಿ ಬಿಲ್ಲೆ ಬಿಟ್ಟುಕೊಂಡಿದೆ, ಅಂಟಿಸಿದ್ದು, ಖೋಟಾ ಅಂತಾರೆ. ಅಲ್ಲ. ಹೊರಗಿನ ಬಳೆ ಹೊಸದಿದ್ದಾಗ ಬಂಗಾರದ ಹಾಗೆ ಹೊಳೆದು ವರ್ಷ ಕಳೆದಂತೆ ಕಂದಾಗುವುದೂ ಸಹಜವೇ. 1969ರಲ್ಲಿ ಗಾಂಧೀಜಿಯ ನೂರನೇ ವರ್ಷಕ್ಕೆ ಇಪ್ಪತ್ತು ಪೈಸೆ ಬಂದಿತ್ತು, ತಾಮ್ರಕ್ಕೆ ಅಲ್ಯೂಮಿನಿಯಂ ಕೂಡಿಸಿದ ಅದೇ ಜಾತಿಯ ಲೋಹದ್ದು. ನಮ್ಮ ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕ ಇದೆಯಲ್ಲ, ಅಲ್ಲಿಗೆ ಹೋದಾಗಲೆಲ್ಲ ನನ್ನ ತಾಯಿ ದೇವರ ಜಗುಲಿಯಲ್ಲಿ ಇಟ್ಟಿದ್ದ ಆ ಇಪ್ಪತ್ತು ಪೈಸೆ ನೆನಪಾಗುತ್ತೆ. ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದರು.

— ನಾನೂ ಐದರ ಬಿಲ್ಲೆಗೆ ಹುಣಸೆಹಣ್ಣು ಹಚ್ಚಿ ರಾತ್ರಿಯೆಲ್ಲ ಬಿಟ್ಟಿದ್ದೆ. ಮುಂಜಾನೆ ತಾಮ್ರದಂಗ ಕೆಂಪಾಗಿತ್ತು. ಗಿರಾಕಿ ತಗೊಳ್ಳಲಿಲ್ಲ.

— ಈಗಿನ ಹಳದಿ ಐದು ರೂಪಾಯಿಯಲ್ಲಿ ತಾಮ್ರದ ಜೊತೆ ಸತು ಇದೆ. ಹುಳಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮೇಲಿನ ಸತು ಬಿಟ್ಟು ತಾಮ್ರ ಉಳಿಯುತ್ತೆ. ನೋಡು, ಬಣ್ಣಗೆಟ್ಟ ಬಿಲ್ಲೆಯ ಅರ್ಧ ಕಥೆ ಇಂಥದ್ದೇ. ನಾವೇ ಚಂದ ಮಾಡಲು ಹೋಗಿ ಮಾಡಿದ್ದು. ಕೊಳೆ ಹೋಗಬೇಕಾದರೆ ಬರೀ ನೀರು ಸಾಕು, ಒರೆಸಿ ಒಣಗಿಸು.

— ಈ ಅಂಚಿಗೆ ಹಲ್ಲು ಯಾಕ ಮಾಡ್ತಾರ ಸರ್? ನುಣ್ಣಗ ಇದ್ದರ ಬಣ್ಣನೂ ಹತ್ತಂಗಿಲ್ಲ, ಈ ಜಗಳನೂ ಇರಂಗಿಲ್ಲ.

— ಅಂಚು ನುಣ್ಣಗಿದ್ದ ಕಾಲದಲ್ಲಿ ಜಗಳ ಇನ್ನೂ ದೊಡ್ಡದಿತ್ತು. ನಾಣ್ಯ ಅಂದರೆ ಬೆಳ್ಳಿ, ಬಂಗಾರವೇ ಆಗಿದ್ದಾಗ ಕಳ್ಳರು ಅಂಚನ್ನು ಸಣ್ಣಗೆ ಹೆರೆದು, ಹೆರೆದ ಪುಡಿ ಕೂಡಿಸಿ ಕರಗಿಸುತ್ತಿದ್ದರು. ನಾಣ್ಯವನ್ನು ಮತ್ತೆ ಚಲಾವಣೆಗೆ ಬಿಡುತ್ತಿದ್ದರು. ಅಂಚಿಗೆ ಹಲ್ಲು ಹೊಡೆದರೆ ಹೆರೆದದ್ದು ಕೂಡಲೇ ಕಾಣುತ್ತೆ. ಮರದಿಂದ ಹಣ್ಣು ಬೀಳುವುದರ ಲೆಕ್ಕ ಹಾಕಿದ ನ್ಯೂಟನ್ 1696ರಲ್ಲಿ ಲಂಡನ್ನಿನ ಟಂಕಸಾಲೆಗೆ ಅಧಿಕಾರಿಯಾಗಿ ಬಂದಾಗ ಅಲ್ಲಿ ನಡೆದಿದ್ದ ದೊಡ್ಡ ಕೆಲಸವೇ ಅದು. ಅಂಚು ಹೆರೆಸಿಕೊಂಡ ಹಳೇ ಬೆಳ್ಳಿ ನಾಣ್ಯಗಳನ್ನೆಲ್ಲ ಹಿಂದಕ್ಕೆ ತರಿಸಿ, ಹಲ್ಲಂಚಿನ ಹೊಸ ನಾಣ್ಯ ಹೊಡೆಸುವುದು. ನಮ್ಮ ಹಳೇ ಐದು ರೂಪಾಯಿ ನೆನಪಿದೆಯಾ? 1992ರಿಂದ ಬಂದದ್ದು, ದಪ್ಪ, 9 ಗ್ರಾಂ.

— ಕೈಯಾಗ ಹಿಡಿದರೆ ರೊಕ್ಕ ಹಿಡಿದಂಗ ಅನಸ್ತಿತ್ತು ನೋಡ್ರಿ ಅದು.

— ಅದರ ಅಂಚಿನ ನಡುವೆ ಒಂದು ತೋಡು ಇತ್ತು, ತೋಡಿನೊಳಗೆ ಮಣಿ ಪೋಣಿಸಿದ ಹಾಗೆ ಗುರುತು. ಅದು ರಕ್ಷಣೆಯ ಅಂಚು. ಖೋಟಾ ಮಾಡುವವನಿಗೆ ಮುಖದ ಅಚ್ಚು ತೆಗೆಯುವುದು ಸುಲಭ, ಅಂಚಿನ ಅಚ್ಚು ಕಷ್ಟ. ಅದನ್ನು ಕಂಡವರು ಯಾರೋ ಗರಗಸದಿಂದ ಸೀಳಿದ್ದಾರೆ ಅಂತ ಹೇಳಿ ಕೌಂಟರಿಗೆ ತರುತ್ತಿದ್ದರು. ಖರೇ ಬಿಲ್ಲೆಯ ಖರೇ ಗುರುತನ್ನೇ ಗಾಯ ಅಂತ ತಿಳಿದವರು.

— ಹಿಂದಿನ ಕಾಲದಾಗ ನಮ್ಮ ಕಡೆ ಇದೆಲ್ಲ ಹೆಂಗ ನೋಡ್ತಿದ್ದರು?

— ಸರಾಫ ನೋಡುತ್ತಿದ್ದ. ಇಲ್ಲಿಂದ ಒಂದು ದಿನದ ಹಾದಿ ಹಂಪಿ. 1443ರಲ್ಲಿ ಅಲ್ಲಿಗೆ ಬಂದ ಪರ್ಷಿಯದ ಅಬ್ದುಲ್ ರಜಾಕ್ ಅಲ್ಲಿನ ನಾಣ್ಯಗಳ ಲೆಕ್ಕ ಬರೆದಿಟ್ಟಿದ್ದಾನೆ: ಬಂಗಾರದ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತರಲ್ಲಿ ಒಂದು ಪಾಲು ಹಣ. ಆಮೇಲೆ ಬೆಳ್ಳಿಯ ತಾರ, ತಾಮ್ರದ ಜೀತಲ. ಹಣ ಅನ್ನುವುದು ಆಗ ಒಂದು ನಾಣ್ಯದ ಹೆಸರು. ಉಗುರಿನಷ್ಟು ಬಂಗಾರದ ಹರಳು. ಅಂಥ ನಾಣ್ಯಕ್ಕೆ ಒರೆಗಲ್ಲು ಬೇಕು, ತಕ್ಕಡಿ ಬೇಕು, ನಂಬುವ ಸರಾಫ ಬೇಕು. ಬೆಳ್ಳಿ ರೂಪಾಯಿಗಳ ಕಾಲದಲ್ಲಂತೂ ಸರಾಫರು ಪರೀಕ್ಷೆ ಮಾಡಿದ ಗುರುತಿಗೆ ತಮ್ಮ ಚಿಕ್ಕ ಮುದ್ರೆ ಒತ್ತುತ್ತಿದ್ದರು, ಚುಕ್ಕಿ, ಹೂವು, ಚಂದ್ರ ಅಂಥವು. ಮೊಗಲರ ರೂಪಾಯಿಗಳ ಮೈಮೇಲೆ ಅಂಥ ಮುದ್ರೆ ಐದಾರು ಇದ್ದವು ಸಿಗುತ್ತವೆ. ಈಗ ನೋಡುವವರಿಗೆ ಅದು ಗಾಯದ ಹಾಗೆ ಕಾಣುತ್ತೆ. ಅಂದಿನವರಿಗೆ ಒಂದೊಂದು ಮುದ್ರೆಯೂ, ಇದನ್ನು ನಾನು ನೋಡಿದ್ದೇನೆ, ತಗೋ, ಅನ್ನುವ ಮಾತು. ಗುರುತು ಹೆಚ್ಚಿದಷ್ಟೂ ನಂಬಿಕೆ ಹೆಚ್ಚು.

— ಈಗ ಉಲ್ಟಾ ಆಗೈತಿ. ಗುರುತು ಇದ್ದರ ಅನುಮಾನ.

— ಹೌದು, ಉಲ್ಟಾ. ಈ ಹತ್ತು ರೂಪಾಯಿಯನ್ನೇ ತಗೋ. 2009ರ ಮಾರ್ಚಿನಲ್ಲಿ ಚಲಾವಣೆಗೆ ಬಂತು. ಮೊದಲ ಬಿಲ್ಲೆಗಳಲ್ಲಿ ರೂಪಾಯಿಯ ಈಗಿನ ಚಿಹ್ನೆ ಇರಲಿಲ್ಲ. ಇರುವುದಾದರೂ ಹೇಗೆ, ಆ ಚಿಹ್ನೆ ಹುಟ್ಟಿದ್ದೇ 2010ರ ಜುಲೈಯಲ್ಲಿ. 2011ರಿಂದ ಚಿಹ್ನೆ ಇರುವ ಬಿಲ್ಲೆ ಬಂತು. ಒಂದರಲ್ಲಿ ಹದಿನೈದು ಗೆರೆ, ಇನ್ನೊಂದರಲ್ಲಿ ಹತ್ತು ಗೆರೆ. ಯಾರೋ ಒಬ್ಬ ವಾಟ್ಸಾಪಿನಲ್ಲಿ ಹದಿನೈದು ಗೆರೆಯದು ಖೋಟಾ ಅಂದ, ಊರೆಲ್ಲ ಹಬ್ಬಿತು. ರಿಸರ್ವ್ ಬ್ಯಾಂಕ್ 2016ರ ನವೆಂಬರಿನಲ್ಲಿ ಹೇಳಿತು, 2018ರ ಜನವರಿ 17ರಂದು ಮತ್ತೆ ಹೇಳಿತು: ಅಲ್ಲಿಯವರೆಗೆ ಬಂದ 14 ಬಗೆಯ ಹತ್ತು ರೂಪಾಯಿ ಬಿಲ್ಲೆಗಳೆಲ್ಲ ಖರೇನೇ, ಎಲ್ಲ ಸಲ್ಲುತ್ತವೆ. ಆದರೂ ಬಸ್ಸಿನಲ್ಲಿ, ಸಂತೆಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಬ್ಯಾಡ ಅಂದವರು ಬ್ಯಾಡ ಅಂತಲೇ ಇದ್ದರು.

— ನನಗೂ ಹಂಗೇ ಆಗಿತ್ತು. ಹರಪನಹಳ್ಳಿಗೆ ಹೋಗಿದ್ದೆ. ಹತ್ತರ ಬಿಲ್ಲೆ ಆರು ಇದ್ದವು. ಔಷಧಿ ಅಂಗಡಿಯಾಗ ಒಲ್ಲೆ ಅಂದರು. ಜ್ವರ ಬಂದ ಕೂಸು ಕಂಕುಳಾಗ. ಕಡಿಗೆ ಚಹಾದ ಅಂಗಡಿಯವ ಆರೂ ತಗೊಂಡು ನೋಟು ಕೊಟ್ಟ.

— ಆ ಚಹಾದ ಅಂಗಡಿಯವನ ಹೆಸರು ಗೊತ್ತೇ?

— ಇಲ್ಲ. ಮುಖ ನೆನಪೈತಿ.

— ಅಷ್ಟೇ ಸಾಕು. ಇದರಲ್ಲಿ ಪೆಟ್ಟು ಯಾರಿಗೆ ಬೀಳುತ್ತೆ ಅನ್ನುವುದನ್ನು ನೋಡಬೇಕು. ಫೋನಿನಲ್ಲಿ ದುಡ್ಡು ಕಳಿಸುವವನಿಗೆ ಬಿಲ್ಲೆಯ ಅಂಚು ಕಟ್ಟಿಕೊಂಡು ಏನಾಗಬೇಕಾಗಿದೆ? ಬಿಲ್ಲೆಯಲ್ಲೇ ದಿನ ತೆಗೆಯುವವರು ಹೂವಿನವರು, ಸೊಪ್ಪಿನವರು, ಕೂಲಿಯವರು, ಗುಡಿ ಮುಂದೆ ಕೂತವರು. ಹತ್ತರ ಒಂದು ಬಿಲ್ಲೆ ಸತ್ತರೆ ಅವರ ಒಂದು ಹೊತ್ತಿನ ಚಹಾ ಸತ್ತಂತೆ. ಆ ಅಜ್ಜಿಗೆ ಕಣ್ಣು ಹೇಗೆ?

— ಮಂಜು ಮಂಜು. ಬೆರಳಿನಿಂದ ತಡವಿ ನೋಡ್ತಾಳ.

— ಹಾಗಿದ್ದರೆ ಆಕೆಗೆ ಇನ್ನೊಂದು ನಷ್ಟವೂ ಇದೆ. ಹಳೇ ಒಂದು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ. 2011ರಿಂದ ಬಂದ ಎರಡು ರೂಪಾಯಿಯೂ ಅಷ್ಟೇ ಅಗಲ, ಅಷ್ಟೇ ತೂಕ. ಬೆರಳಿಗೆ ಹಳೇ ಒಂದೂ ಹೊಸ ಎರಡೂ ಒಂದೇ. ಹಿಂದೆ ಎರಡು ರೂಪಾಯಿಗೆ ಹನ್ನೊಂದು ಮೂಲೆ ಇದ್ದವು, ಕುರುಡರೂ ತಡವಿ ಹೇಳುತ್ತಿದ್ದರು. ಅದು ಹೋಯಿತು. 2019ರಲ್ಲಿ ಹೊಸ ಸಾಲಿನ ಬಿಲ್ಲೆಗಳನ್ನು ದೃಷ್ಟಿ ಇಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರು. ಇಪ್ಪತ್ತು ರೂಪಾಯಿಗೆ ಹನ್ನೆರಡು ಮೂಲೆ, ಅಂಚಿಗೆ ಹಲ್ಲಿಲ್ಲ. ಒಳ್ಳೆಯ ಕೆಲಸ. ಆದರೆ ಹಳೆಯವೂ ಚಲಾವಣೆಯಲ್ಲೇ ಇದ್ದಾವೆ, ಆಕೆಯ ಸೆರಗಿನಲ್ಲಿ ಎಲ್ಲ ಕೂಡಿಯೇ ಇರುತ್ತವೆ. ಇಪ್ಪತ್ತರ ಬಿಲ್ಲೆ ನೀ ತಗೊಳ್ತೀಯಾ?

— ಮೊದಮೊದಲು ಒಲ್ಲೆ ಅಂತಿದ್ದೆ. ಹೊರಗ ಬಿಳಿ ಒಳಗ ಹಳದಿ, ಹತ್ತರದು ಉಲ್ಟಾ ಆದಂಗಿತ್ತು. ಈಗ ತಗೊಳ್ತೀನಿ.

— ಹೊಸದು ಬಂದಾಗ ಅನುಮಾನ, ಹಳೆಯದಾದಾಗ ಅನುಮಾನ. ನಡುವಿನ ಎರಡು ದಿನ ಮಾತ್ರ ನಂಬಿಕೆ.

— ಮತ್ತ ಒಂದು ಕೇಳ್ತೀನಿ. ನನ್ನ ಮಗ ವೈಷ್ಣೋದೇವಿ ಇರೋ ಐದು ರೂಪಾಯಿ ಇಟ್ಟುಕೊಂಡಾನ. ಹತ್ತು ಲಕ್ಷಕ್ಕೆ ತಗೊಳ್ತಾರಂತ, ಫೋನಿನಾಗ ವಿಡಿಯೊ ಬಂದೈತಿ ಅಂತಾನ. ಅಂಚು ಒಂದು ಕಡೆ ದಪ್ಪ ಇದ್ದರ ಇನ್ನೂ ಹೆಚ್ಚಂತ.

— ಅದಕ್ಕೆ ಮಾತ್ರ ಸೊಪ್ಪು ಹಾಕಬೇಡ. ಆ ಬಿಲ್ಲೆ 2012ರದು, ಆ ಗುಡಿಯ ಮಂಡಳಿಗೆ 25 ವರ್ಷ ತುಂಬಿದ ನೆನಪಿಗೆ ಹೊಡೆದದ್ದು. ಬೆಲೆ ಐದೇ ರೂಪಾಯಿ. ಅಚ್ಚು ಜರುಗಿದ, ನಡುವಿನ ತುಂಡು ಓರೆಯಾದ ಬಿಲ್ಲೆಗೆ ಸಂಗ್ರಹ ಮಾಡುವವರು ಒಂದಿಷ್ಟು ಹೆಚ್ಚು ಕೊಡುತ್ತಾರೆ, ಖರೆ. ಅದು ಟಂಕಸಾಲೆಯಲ್ಲಿ ಹೊಡೆಯುವಾಗಲೇ ಆದ ತಪ್ಪಾಗಿರಬೇಕು. ಸುತ್ತಿಗೆಯಿಂದ ಜಜ್ಜಿದ್ದು, ಕೊಟ್ಟೂರು ಸ್ಟೇಷನ್ನಿನ ಹಳಿ ಮೇಲೆ ಇಟ್ಟು ಅಗಲ ಮಾಡಿದ್ದು ತಪ್ಪಚ್ಚು ಆಗದು.

— ಹಳಿ ಮ್ಯಾಲೆ ಇಟ್ಟರ ಆಯಸ್ಕಾಂತ ಆಗತೈತಿ ಅಂತಿದ್ದರು ನಾವು ಸಣ್ಣವರಿದ್ದಾಗ.

— ನಮ್ಮ ಕಾಲದಲ್ಲೂ ಅಂತಿದ್ದರು. ಬಿಲ್ಲೆಯೂ ಹಾಳು, ಜೀವಕ್ಕೂ ಅಪಾಯ. ಇನ್ನು ಆ ವಿಡಿಯೊದವರು ಲಕ್ಷ ಕೊಡುವ ಮೊದಲು ಕಮಿಷನ್, ತೆರಿಗೆ ಅಂತ ನಿನ್ನಿಂದಲೇ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ. ನಮ್ಮ ಹೆಸರು ಹೇಳಿ ಹಳೇ ನಾಣ್ಯದ ವ್ಯಾಪಾರ ಮಾಡುವವರನ್ನು ನಂಬಬೇಡಿ ಅಂತ 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿತು. ಮಗನಿಗೆ ಹೇಳು, ಬಿಲ್ಲೆ ಇಟ್ಟುಕೊಳ್ಳಲಿ, ನೋಡಿ ಸಂತೋಷಪಡಲಿ. ಫೋನಿನ ನಂಬರು ಯಾರಿಗೂ ಕೊಡುವುದು ಬ್ಯಾಡ.

— ಆತು. ಈಗ ಈ ಕೆಂಪಿಂದು ಏನು ಮಾಡಲಿ? ಬ್ಯಾಂಕಿನವರು ತಗೊಳ್ತಾರಾ? ನಿಮ್ಮಂಗ ತೊಳಕೊಂಡು ಬಾ ಅಂದರ?

— ತಗೊಳ್ಳಲೇಬೇಕು. ಯಾವ ಶಾಖೆಯೂ ಬಿಲ್ಲೆ ಒಲ್ಲೆ ಅನ್ನುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕಿನ ಆದೇಶ ಇದೆ. ನೂರು ನೂರು ಎಣಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋದರೆ ಅವರಿಗೂ ಹಗುರ, ನಿನಗೂ ಹಗುರ. ಆದರೆ ಇದಕ್ಕೆ ಬ್ಯಾಂಕಿನ ದಾರಿ ಯಾಕೆ? ನಿನ್ನ ಗಲ್ಲಾದಲ್ಲಿ ಇರಲಿ, ಮುಂದಿನ ಗಿರಾಕಿಗೆ ಚಿಲ್ಲರೆ ಕೊಡು. ಅವರು ಕೇಳಿದರೆ ಲಿಂಬಿಹಣ್ಣಿನ ಹೋಳು ತೋರಿಸು.

— ಕೊಡ್ತೀನಿ. ಮನಸಿನ ಅಂಜಿಕಿ ಪೂರಾ ಹೋಗಿಲ್ಲ ಸರ್, ಸುಳ್ಳು ಹೇಳಂಗಿಲ್ಲ.

— ಹೋಗಬೇಕಂತ ನಾನು ಹಟ ಮಾಡುವುದಿಲ್ಲ. ನೀರಿನಲ್ಲಿ ಒಮ್ಮೆ ಅದ್ದಿ ಒರೆಸು, ದೇವರ ಮುಂದೆ ಒಂದು ಗಳಿಗೆ ಇಡು, ಮನಸ್ಸಿಗೆ ಸಮಾಧಾನ ಆಗುವುದಾದರೆ. ಅದು ನಿನ್ನ ಮತ್ತು ನಿನ್ನ ದೇವರ ಮಾತು. ಆದರೆ ಅಜ್ಜಿಯನ್ನು ಬರಿಗೈಯಲ್ಲಿ ಕಳಿಸುವುದು ಬೇಡ. ಸಂಜೆ ಆಕೆ ಎಲ್ಲಿ ಕೂಡುತ್ತಾಳೆ?

— ಕೊಟ್ಟೂರೇಶ್ವರನ ಗುಡಿ ಹತ್ತಿರ.

— ಮಗನ್ನ ಕಳಿಸಿ ಕರೆಸು. ಮುಂಜಾನೆ ಒಲ್ಲೆ ಅಂದ ಆ ಬಿಲ್ಲೆ ತಗೊ. ಯಾರಾದರೂ ಕೇಳಿದರೆ ಹೀಗೆ ಹೇಳು: 2011ರ ನಾಣ್ಯ ಕಾಯ್ದೆ ಇದೆ. ಒಂದು ರೂಪಾಯಿ ಮತ್ತು ಅದಕ್ಕೆ ಮೇಲಿನ ಬಿಲ್ಲೆಗಳಲ್ಲಿ ಸಾವಿರ ರೂಪಾಯಿಯವರೆಗೆ ಕೊಟ್ಟರೂ ಅದು ಸಲ್ಲುವ ಹಣ. ಅದಕ್ಕೆ ಆ ಕಾಯ್ದೆ ಹಾಕುವ ಷರತ್ತು ಎರಡೇ. ಬಿಲ್ಲೆಯನ್ನು ವಿರೂಪ ಮಾಡಿರಬಾರದು, ಗೊತ್ತುಮಾಡಿದ್ದಕ್ಕಿಂತ ತೂಕ ಕಡಿಮೆಯಾಗಿರಬಾರದು. ಬಣ್ಣದ ಮಾತು ಅದರಲ್ಲಿ ಇಲ್ಲ.